ಸೊಳ್ಳೆಯಕ್ಕ ತನ್ನ ರಕ್ತವನ್ನು ತಾನೇ ನೋಡಿದ್ದು

ಸೊಳ್ಳೆಯಕ್ಕನ ಕಥೆ ಹೇಳಬೇಕಾದದ್ದು ಒಂದೇ ಕಾರಣಕ್ಕೆ. ಇಪ್ಪತ್ತೆರಡು ವರ್ಷ ಊರವರ ರಕ್ತ ತೆಗೆದು ಧೈರ್ಯ ಹೇಳಿದವಳು ತನ್ನ ಹೊಟ್ಟೆಯ ವಿಷಯ ಬಂದಾಗ ನಮ್ಮ ನಿಮ್ಮ ಹಾಗೆಯೇ ಹೆದರಿದಳು. ಸುಳ್ಳು ಹೇಳಿದಳು, ಮುಚ್ಚಿಟ್ಟಳು. ಆಮೇಲೆ ಹೆದರಿಕೊಂಡೇ ಹೋಗಿ ಪರೀಕ್ಷೆಯ ಮಂಚದ ಮೇಲೆ ಮಲಗಿದಳು. ಹೆದರದವರ ಕಥೆ ಎಷ್ಟೋ ಇವೆ. ಹೆದರಿಕೊಂಡೂ ಹೋದವರ ಕಥೆಯನ್ನು ಯಾರೂ ಹೇಳುವುದಿಲ್ಲ.

ಆಸ್ಪತ್ರೆಯ ನೆಲಮಹಡಿಯ ಮೊದಲ ಓಣಿಯಲ್ಲಿ ಅವಳ ಕೋಣೆ. ಒಂದು ಕಿಟಕಿ, ಒಂದು ಮೇಜು, ಕೈ ಚಾಚಲು ಹಲಗೆ ಇರುವ ಒಂದು ಕುರ್ಚಿ. ಬಣ್ಣಬಣ್ಣದ ಮುಚ್ಚಳದ ನಳಿಕೆಗಳು ಸಾಲಾಗಿ ನಿಂತಿರುತ್ತವೆ. ಕೈಗೆ ರಬ್ಬರ್ ಪಟ್ಟಿ ಕಟ್ಟಿ, ಎರಡು ಬೆರಳಲ್ಲಿ ನರ ಮುಟ್ಟಿ ನೋಡುತ್ತಾಳೆ. ಎಲ್ಲರಿಗೂ ಹೇಳುವುದು ಒಂದೇ ಮಾತು, "ಸೊಳ್ಳೆ ಕಚ್ಚಿದ ಹಾಗೆ, ಅಷ್ಟೇ." ಹೇಳಿ ಮುಗಿಯುವುದರೊಳಗೆ ನಳಿಕೆ ತುಂಬಿರುತ್ತದೆ. ಹೀಗೆ ಸೊಳ್ಳೆಯಕ್ಕ ಎಂಬ ಹೆಸರು ಬಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಫೋನಿನಲ್ಲೂ ಅವಳೇ "ನಾನು ಸೊಳ್ಳೆಯಕ್ಕ" ಎನ್ನುತ್ತಾಳೆ.

ಕಳೆದ ವರ್ಷ ಆಸ್ಪತ್ರೆಯ ಕರುಳಿನ ಡಾಕ್ಟರಮ್ಮ ಒಂದು ಸಂಶೋಧನೆ ಶುರು ಮಾಡಿದರು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ಸಣ್ಣ ಸಣ್ಣ ಗಂಟು ಬೆಳೆಯುತ್ತವೆ. ಪಾಲಿಪ್ ಅನ್ನುತ್ತಾರೆ. ನೋಯುವುದಿಲ್ಲ, ಗೊತ್ತೇ ಆಗುವುದಿಲ್ಲ. ಅವುಗಳಲ್ಲಿ ಕೆಲವು ವರ್ಷಗಟ್ಟಲೆ ಸುಮ್ಮನಿದ್ದು ಕ್ಯಾನ್ಸರ್ ಆಗುತ್ತವೆ. ಅಷ್ಟರೊಳಗೆ ಕಂಡರೆ ಕಿತ್ತು ಹಾಕಬಹುದು. ಆದರೆ ಕಾಣಬೇಕಾದರೆ ಹಿಂದಿನಿಂದ ಕ್ಯಾಮೆರಾದ ಕೊಳವೆ ಹಾಕಿ ನೋಡಬೇಕು. ಆ ಮಾತು ಕೇಳಿದರೆ ಅರ್ಧ ಜನ ಕುರ್ಚಿಯಿಂದಲೇ ಎದ್ದು ಹೋಗುತ್ತಾರೆ. ರಕ್ತದಲ್ಲೇ ಏನಾದರೂ ಸುಳಿವು ಸಿಕ್ಕರೆ, ಯಾರು ಮೊದಲು ಹೋಗಬೇಕು ಅಂತ ಹೇಳಬಹುದಲ್ಲ ಎಂಬುದು ಡಾಕ್ಟರಮ್ಮನ ಆಸೆ. ಅದಕ್ಕೆ ಅವರು ಹಿಡಿದದ್ದು ಕೊಬ್ಬಿನ ಹಾರ್ಮೋನುಗಳನ್ನು.

ಕೊಳವೆ ಪರೀಕ್ಷೆಗೆ ಬಂದವರ ಸೊಂಟವನ್ನು ಟೇಪಿನಲ್ಲಿ ಅಳೆದು, ಬರಿ ಹೊಟ್ಟೆಯಲ್ಲಿ ರಕ್ತ ತೆಗೆದು, ಯಾಕೆ ಏನು ಅಂತ ಬಿಡಿಸಿ ಹೇಳುವುದು ಸೊಳ್ಳೆಯಕ್ಕನ ಪಾಲಿಗೆ ಬಂತು.

ಒಬ್ಬ ಬೇಕರಿಯವನು ಕೇಳಿದ, "ಅಲ್ಲಕ್ಕಾ, ಕೊಬ್ಬು ಅಂದ್ರೆ ಸುಮ್ನೆ ಕೂತಿರೋದಲ್ವಾ? ಅದ್ರದ್ದೇನು ಪರೀಕ್ಷೆ?"

"ಸುಮ್ನೆ ಎಲ್ಲಿ ಕೂರುತ್ತೆ? ಅದೂ ರಕ್ತಕ್ಕೆ ಚೀಟಿ ಕಳಿಸ್ತಾನೇ ಇರುತ್ತೆ. ಲೆಪ್ಟಿನ್ ಅಂತ ಒಂದು ಚೀಟಿ. ಮೈ ದಪ್ಪ ಆದಷ್ಟೂ ಅದು ಜಾಸ್ತಿ. ಅಡಿಪೊನೆಕ್ಟಿನ್ ಅಂತ ಇನ್ನೊಂದು. ಅದು ಉಲ್ಟಾ, ಹೊಟ್ಟೆ ಬಂದಷ್ಟೂ ಕಮ್ಮಿ. ಗಂಟು ಇರೋರಲ್ಲಿ ಆ ಎರಡನೇದು ಕಮ್ಮಿ ಇರಬಹುದು ಅಂತ ಕೆಲವು ಕಡೆ ಕಂಡಿದೆ. ಕೆಲವು ಕಡೆ ಕಂಡಿಲ್ಲ. ಅದಕ್ಕೇ ನೋಡ್ತಿರೋದು."

"ನಂಗೆ ಕೊಬ್ಬು ಜಾಸ್ತಿ ಅಂತ ನನ್ನ ಹೆಂಡ್ತಿ ರಕ್ತ ನೋಡ್ದೇನೇ ಹೇಳಿದ್ಲು ಬಿಡಿ."

"ಸರಿ, ಮುಷ್ಟಿ ಬಿಗಿ ಹಿಡೀರಿ. ಸೊಳ್ಳೆ ಬಂತು."

ಹೀಗೆ ನೂರ ಹನ್ನೆರಡು ಜನ. ನಳಿಕೆಗಳನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೆಂಪು ಕೆಳಗೆ ಕೂರುತ್ತದೆ, ಮೇಲೆ ಹಳದಿ ನೀರು ನಿಲ್ಲುತ್ತದೆ. ಅದನ್ನು ಸಣ್ಣ ನಳಿಕೆಗೆ ಹಾಕಿ, ಹೆಸರಿಲ್ಲದೆ ನಂಬರ್ ಮಾತ್ರ ಬರೆದು, ಕಲ್ಲಿನ ಹಾಗೆ ಗಟ್ಟಿಯಾಗಿಸುವ ಫ್ರೀಜರಿನಲ್ಲಿ ಇಡುವುದು. ಸಾಕಷ್ಟು ಸೇರಿದ ಮೇಲೆ ಮೊದಲು ಅಡಿಪೊನೆಕ್ಟಿನ್ ಪರೀಕ್ಷೆಯ ಕಿಟ್ ತರಿಸಿದರು.

ಲ್ಯಾಬಿನವರಲ್ಲಿ ಒಂದು ಹಳೆಯ ಪದ್ಧತಿ ಇದೆ. ಹೊಸ ಕಿಟ್ ಬಂದರೆ ಮೊದಲ ದಿನ ರೋಗಿಗಳ ರಕ್ತ ಮುಟ್ಟುವುದಿಲ್ಲ. ಕೈ ಪಳಗಲಿ ಅಂತ ತಮ್ಮ ತಮ್ಮ ರಕ್ತವನ್ನೇ ಹಾಕಿ ನೋಡುತ್ತಾರೆ. ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಒಬ್ಬ ಇದ್ದಾನೆ, ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕುವವನು. ಎಲ್ಲರೂ ಚಷ್ಮಾ ಎಂದೇ ಕರೆಯುತ್ತಾರೆ. ಅವನು ಕೊಟ್ಟ, ಡಾಕ್ಟರಮ್ಮ ಕೊಟ್ಟರು, ಸೊಳ್ಳೆಯಕ್ಕ ತನ್ನ ಎಡಗೈಯಿಂದ ತಾನೇ ತೆಗೆದುಕೊಂಡಳು. ರಕ್ತದ ನೀರನ್ನು ಹಾಗೇ ಹಾಕುವಂತಿಲ್ಲ, ಹಂತಹಂತವಾಗಿ ತೆಳು ಮಾಡಿ ಹಾಕಬೇಕು. ಹಾಕುವುದು ತೊಂಬತ್ತಾರು ಗುಳಿಯ ಪ್ಲಾಸ್ಟಿಕ್ ತಟ್ಟೆಗೆ. ಕೊನೆಗೆ ಬಣ್ಣ ಏಳುತ್ತದೆ. ಹಾರ್ಮೋನ್ ಜಾಸ್ತಿ ಇದ್ದರೆ ಗಾಢ ಹಳದಿ, ಕಡಿಮೆ ಇದ್ದರೆ ಪೇಲವ.

ಆ ದಿನ ಮಧ್ಯಾಹ್ನ ಮೂವರೂ ತಟ್ಟೆಯ ಮೇಲೆ ಬಗ್ಗಿದರು. ಡಾಕ್ಟರಮ್ಮನ ಗುಳಿ ಹಳದಿ. ಚಷ್ಮಾನದೂ ಹಳದಿ. ಸೊಳ್ಳೆಯಕ್ಕನ ಗುಳಿ ಮಾತ್ರ ನೀರಿನ ಹಾಗಿತ್ತು.

ಯಂತ್ರ ಓದಿ ಹೇಳಿತು. ಅವರದು ಹನ್ನೆರಡು, ಇವನದು ಎಂಟು. ಅವಳದು ಒಂದಕ್ಕಿಂತ ಚೂರೇ ಚೂರು ಕಡಿಮೆ.

"ಅಕ್ಕಾ, ನಿಮ್ಮ ಕೊಬ್ಬು ಮೂಗಿ ಕಣ್ರೀ. ಮಾತೇ ಆಡ್ತಿಲ್ಲ," ಎಂದ ಚಷ್ಮಾ.

"ಅದರ ಪಾಲಿನದೂ ನಾನೇ ಆಡ್ತೀನಲ್ಲ, ಅದಕ್ಕೇ," ಎಂದು ಅವಳು ನಕ್ಕಳು.

"ಇವತ್ತಿನದು ಲೆಕ್ಕಕ್ಕಿಲ್ಲ. ಬರೀ ಟ್ರಯಲ್," ಎಂದು ಡಾಕ್ಟರಮ್ಮ ಹೊರಟರು. ಚಷ್ಮಾ ಹಾಳೆಯನ್ನು ಮಡಚಿ ಬುಟ್ಟಿಗೆ ಹಾಕಿದ.

ಅವಳು ತನ್ನ ಕೋಣೆಗೆ ಬಂದು ಕೂತಳು. ಕೂತಿದ್ದು ತನ್ನ ಕುರ್ಚಿಯಲ್ಲಲ್ಲ, ರೋಗಿಗಳದರಲ್ಲಿ. ಗಂಟು ಇರುವವರಲ್ಲಿ ಕಡಿಮೆ ಇರಬಹುದು ಅಂತ ನೂರ ಹನ್ನೆರಡು ಸಲ ಅವಳ ಬಾಯಲ್ಲೇ ಬಂದ ಮಾತು.

ಇನ್ನೊಂದು ವಿಷಯ ಇತ್ತು. ಅದು ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೂರು ಸಲ ಅವಳಿಗೆ ಬೆಳಿಗ್ಗೆ ಮಲದ ಜೊತೆ ರಕ್ತ ಹೋಗಿತ್ತು. ಸ್ವಲ್ಪವೇ. ದಿನಕ್ಕೆ ಎಪ್ಪತ್ತು ಎಂಬತ್ತು ಜನರ ರಕ್ತ ನೋಡುವವಳು ಆ ಚೂರು ರಕ್ತ ನೋಡಿ ನೀರು ಹಾಕಿ ಎದ್ದು ಬಂದಿದ್ದಳು. ಮೂಲವ್ಯಾಧಿ ಇರಬೇಕು, ಕೂತು ಕೂತು ಆಗಿದೆ, ಎಂದುಕೊಂಡಿದ್ದಳು. ಅವಳ ಅಪ್ಪನೂ ಹಾಗೆಯೇ ಎಂದುಕೊಂಡಿದ್ದ. ಅಪ್ಪ ಶಾಲೆಯೊಂದರಲ್ಲಿ ಕಾವಲುಗಾರ. ಎರಡು ವರ್ಷ ಮೂಲವ್ಯಾಧಿಯ ಮುಲಾಮು ಹಚ್ಚಿಕೊಂಡು, ಮೂರನೆಯ ವರ್ಷ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗಿ, ಐವತ್ತೈದಕ್ಕೆ ಹೋದ. ಅವಳಿಗೆ ಈಗ ನಲವತ್ತೊಂಬತ್ತು.

ಮನೆಯಲ್ಲಿ ಗಂಡ. ಗೋಡೆಗೆ ಬಣ್ಣ ಹೊಡೆಯುವ ಕೆಲಸ. ಮಾತಿನ ಮನುಷ್ಯ. ಅಂದು ಸಂಜೆ ಊಟದ ತಟ್ಟೆ ಹಾಗೇ ಇದ್ದದ್ದು ನೋಡಿ ಕೇಳಿದ, "ಏನಾಯ್ತೇ? ಯಾರಾದ್ರೂ ನಿಂಗೇ ಚುಚ್ಚಿದ್ರಾ?"

"ಒಂದು ನಂಬರ್ ಕಮ್ಮಿ ಬಂದಿದೆ ರೀ."

"ಯಾವ ನಂಬರ್?"

ಕೊಬ್ಬಿನ ವಿಷಯ ಹೇಳಿದಳು. ಅಪ್ಪನ ವಿಷಯ ಎತ್ತಲಿಲ್ಲ. ರಕ್ತದ ವಿಷಯ ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು.

"ನಂಬರ್ ತಾನೇ," ಎಂದ ಅವನು. "ಗೋಡೆ ಅಳತೆ ನಾನೇ ದಿನಾ ತಪ್ಪು ಬರಿತೀನಿ. ಊಟ ಮಾಡು."

ಮರುದಿನದಿಂದ ಅವಳ ಕೈ ಮೊದಲಿನ ಹಾಗಿರಲಿಲ್ಲ. ವಾರಕ್ಕೊಮ್ಮೆ ಸಕ್ಕರೆ ಪರೀಕ್ಷೆಗೆ ಬರುವ ಮುದುಕಿಯೊಬ್ಬಳಿಗೆ ಎರಡು ಸಲ ಚುಚ್ಚಬೇಕಾಯಿತು.

"ಏನವ್ವಾ, ಇವತ್ತು ಸೊಳ್ಳೆಗೆ ದಾರಿ ತಪ್ತಾ?" ಎಂದಳು ಮುದುಕಿ.

"ತಪ್ಪಾಯ್ತು ಅಜ್ಜಿ."

"ನಂದೇನೋ ಹಳೇ ಚರ್ಮ, ತಡ್ಕೊಳ್ತೀನಿ. ನಿನ್ನ ಮುಖ ಯಾಕೆ ಹಂಗೆ ಬಿಳಿಚಿಕೊಂಡಿದೆ? ನೀನೇ ಒಂದ್ಸಲ ತೋರಿಸ್ಕೋ."

ಅದಾದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಡಾಕ್ಟರಮ್ಮನ ಬಾಗಿಲಿಗೆ ಹೋಗಿ ನಿಂತಳು. ಬೇರೆ ಯಾರದೋ ವಿಷಯ ಅನ್ನುವ ಹಾಗೆ ಕೇಳಿದಳು.

"ಮೇಡಂ, ಆ ಅಡಿಪೊನೆಕ್ಟಿನ್ ತೀರಾ ಕಮ್ಮಿ ಬಂದ್ರೆ, ಗಂಟು ಇದೆ ಅಂತಲೇ ಅರ್ಥಾನಾ?"

"ಇಲ್ಲ. ಒಬ್ಬರ ನಂಬರ್ ಇಟ್ಕೊಂಡು ಏನೂ ಹೇಳೋಕಾಗಲ್ಲ. ಅದು ಇನ್ನೂ ಪರೀಕ್ಷೆನೇ ಅಲ್ಲ, ನಾವು ಹುಡುಕ್ತಾ ಇದೀವಿ ಅಷ್ಟೇ. ನಿಮ್ಮದು ನೋಡಿ ಹೆದರ್ಕೊಂಡ್ರಾ?"

ಅವಳು ಬಾಗಿಲ ಚಿಲಕ ತಿರುವುತ್ತಾ ನಿಂತಳು.

"ನಿಮ್ಮ ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ?"

"ಅಪ್ಪನಿಗೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಕ್ಕಾ, ನೂರು ಜನಕ್ಕೆ ಈ ಪ್ರಶ್ನೆ ಕೇಳಿ ಬರ್ಕೊಂಡಿದ್ದು ನೀವೇ ಅಲ್ವಾ? ನಂಬರ್ ಕಟ್ಟಿಡಿ. ಅಪ್ಪನಿಗೆ ಇತ್ತು ಅಂದ್ರೆ ನಲವತ್ತಕ್ಕೇ ಒಂದ್ಸಲ ನೋಡಿಸ್ಬೇಕಿತ್ತು. ಬರೋ ಮಂಗಳವಾರ ಬನ್ನಿ. ಬೇರೆ ಏನಾದ್ರೂ ತೊಂದರೆ ಇದೆಯಾ? ರಕ್ತ ಹೋಗೋದು ಏನಾದ್ರೂ?"

"ಇಲ್ಲ," ಎಂದಳು. ಕಣ್ಣು ಮೇಜಿನ ಮೇಲಿತ್ತು.

ಸೋಮವಾರ ರಜೆ ಹಾಕಿದಳು. ಕೊಳವೆ ಹಾಕುವ ಮುಂಚೆ ಕರುಳು ತೊಳೆದ ಪಾತ್ರೆಯ ಹಾಗಿರಬೇಕು. ಅದಕ್ಕೊಂದು ಪುಡಿ ಕೊಡುತ್ತಾರೆ. ಎರಡು ಲೀಟರ್ ನೀರಿಗೆ ಕಲಸಿ ಸಂಜೆ ಕುಡಿಯಬೇಕು. ಗಂಡ ದೊಡ್ಡ ಜಗ್ಗಿನಲ್ಲಿ ಸೌಟು ಹಾಕಿ ತಿರುವಿದ.

"ಗಂಟಿಲ್ದಂಗೆ ಕಲಸಿದೀನಿ ನೋಡು. ಡಿಸ್ಟೆಂಪರ್ ಕೂಡ ಇಷ್ಟು ನೈಸಾಗಿ ಕಲಸಲ್ಲ."

"ಗಂಟು ಅನ್ನಬೇಡ್ರೀ ಈಗ."

"ಸರಿ, ಉಂಡೆ ಇಲ್ದಂಗೆ."

ಒಂದು ಲೋಟ ಕುಡಿದಳು. ಉಪ್ಪು, ಹುಳಿ, ಮೇಲೆ ಏನೋ ಸೋಪಿನ ವಾಸನೆ. ಎರಡನೆಯ ಲೋಟಕ್ಕೆ ವಾಕರಿಕೆ ಬಂತು. ಮೂರನೆಯದಕ್ಕೆ ಓಡಿದಳು. ವಾಪಸ್ಸು ಬಂದು ಗೋಡೆ ಹಿಡಿದು ಕೂತಳು. ಗಂಡ ಹೊರಗೆ ಕಾಯುತ್ತಿದ್ದವನು, "ರೈಲು ಹೋಯ್ತಾ?" ಎಂದ. ಅವಳಿಗೆ ಬೈಯಲೂ ಶಕ್ತಿ ಇರಲಿಲ್ಲ.

ಅರ್ಧ ಜಗ್ಗು ಆಗಿತ್ತು. ಆರು ಗಂಟೆ ಇರಬಹುದು. ಬಾಗಿಲು ಬಡಿದ ಸದ್ದು. ಚಷ್ಮಾ ನಿಂತಿದ್ದ. ಮೆಟ್ಟಿಲು ಹತ್ತಿ ಏದುಸಿರು, ಕನ್ನಡಕದ ಮೇಲೆ ಬೆವರು.

"ಅಕ್ಕಾ, ಅವತ್ತು ನಿಮ್ಮ ನಳಿಕೆ ನೀವು ತೆಳು ಮಾಡಿದ್ರಾ?"

"ಹೂಂ. ಮೊದಲನೇ ಹಂತ ನಾನೇ ಮಾಡಿಟ್ಟೆ. ಒಂದಕ್ಕೆ ಹತ್ತು. ನಿನಗೆ ಕೆಲಸ ಉಳೀಲಿ ಅಂತ."

ಚಷ್ಮಾ ಹಣೆ ಚಚ್ಚಿಕೊಂಡ. "ನಾನೂ ಮಾಡಿದೆ. ಮೂರು ನಳಿಕೆಗೂ ಮೊದಲಿಂದ ಎಲ್ಲಾ ಹಂತ ಮಾಡಿದೆ. ನಿಮ್ಮದು ಎರಡು ಸಲ ತೆಳು ಆಗಿದೆ ಅಕ್ಕಾ. ಇವತ್ತು ಫ್ರೀಜರ್ ಜೋಡಿಸೋವಾಗ ಸಿಕ್ತು, ಪಕ್ಕದಲ್ಲಿ ನೀವೇ ಬರೆದಿದ್ದೀರಿ, ಒಂದಕ್ಕೆ ಹತ್ತು ಅಂತ. ನನ್ನ ಈ ಹಾಳು ಕಣ್ಣಿಗೆ ಅವತ್ತು ಕಾಣ್ಲಿಲ್ಲ. ನಿಮ್ಮ ಹಳದಿ ನೀರು ಇನ್ನೊಂದು ನಳಿಕೇಲಿ ಉಳಿದಿತ್ತು, ಸರಿಯಾಗಿ ಮಾಡಿ ಹಾಕಿದೆ. ಒಂಬತ್ತು ಬಂತು. ಒಂಬತ್ತೂವರೆ! ನಂದಕ್ಕಿಂತ ಚೆನ್ನಾಗಿದೆ."

ಕೈ ಕೆಲಸ ಕೂಡಿ ಮಾಡುವವರು ಮಾತ್ರ ಮಾಡುವ ತಪ್ಪು. ಅವಳು ಅವನ ಕೆಲಸ ಹಗುರ ಮಾಡಲು ಹೋಗಿದ್ದಳು, ಅವನಿಗೆ ಹೇಳಿರಲಿಲ್ಲ.

ಗಂಡ ಜೋರಾಗಿ ನಕ್ಕುಬಿಟ್ಟ. "ನಾನು ಹೇಳ್ಲಿಲ್ವಾ? ಪೇಂಟಿಗೆ ಎರಡು ಸಲ ನೀರು ಬಿಟ್ರೆ ಗೋಡೆ ಮೇಲೆ ಬಣ್ಣ ಎಲ್ಲಿ ನಿಲ್ಲುತ್ತೆ? ಬಾರಪ್ಪಾ, ಕೂತ್ಕೋ. ಟೀ ಮಾಡ್ತೀನಿ. ಲೇ, ಆ ಉಪ್ಪುನೀರು ಚೆಲ್ಲು. ನಾಳೆ ಹೋಗೋದೇನೂ ಬೇಡ."

ಚಷ್ಮಾ ಟೀಗೆ ನಿಲ್ಲಲಿಲ್ಲ. ಮನೆಯಲ್ಲಿ ಕಾಯುತ್ತಿದ್ದಾರೆ ಎಂದು ಹೊರಟ. ಅವಳು ಜಗ್ಗು ಎತ್ತಿಕೊಂಡು ಅಡುಗೆಮನೆಯ ಸಿಂಕಿನ ಮುಂದೆ ನಿಂತಳು. ವಾರದಿಂದ ಎದೆಯ ಮೇಲಿದ್ದ ಕಲ್ಲು ಇಳಿದಿರಬೇಕಿತ್ತು. ಇಳಿದಿರಲಿಲ್ಲ. ಒಂಬತ್ತೂವರೆ ಅಂತ ಇನ್ನೊಂದು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಜಗ್ಗು ಓರೆ ಮಾಡಿದಳು. ಒಂದು ಗುಟುಕಿನಷ್ಟು ಚೆಲ್ಲಿತು. ಮತ್ತೆ ನೆಟ್ಟಗೆ ಮಾಡಿದಳು.

"ಏನು, ಪೂಜೆ ಮಾಡ್ತಿದೀಯಾ ಅದಕ್ಕೆ?" ಎಂದ ಗಂಡ ಹಿಂದಿನಿಂದ.

"ನಂಗೆ ರಕ್ತ ಹೋಗಿದೆ ರೀ."

"ಏನು?"

"ಬೆಳಿಗ್ಗೆ ಕೂತಾಗ. ರಕ್ತ."

"ಯಾವಾಗ?"

"ಎರಡು ಸಲ." ನಲ್ಲಿ ಹನಿಯುತ್ತಿತ್ತು. ಅದನ್ನು ಬಿಗಿ ಮಾಡಿದಳು. "ಇಲ್ಲ. ಮೂರು ಸಲ."

ಮಾತಿನ ಮನುಷ್ಯ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಮಾವನಿಗೂ ಹಿಂಗೇ ಅಲ್ವೇನೇ ಶುರುವಾಗಿದ್ದು?" ಎಂದ.

"ಹೂಂ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ."

ಅವನು ಎದ್ದು ಲೋಟ ತಂದ. ಜಗ್ಗು ಅವಳ ಕೈಯಿಂದ ತೆಗೆದುಕೊಂಡು ತುಂಬಿಸಿದ. ಉಳಿದದ್ದನ್ನು ಅವಳು ಕೊನೆಯ ಹನಿಯವರೆಗೂ ಕುಡಿದಳು. ಆಮೇಲೆ ಅವನು ರೈಲಿನ ಮಾತು ಆಡಲಿಲ್ಲ.

ಮಂಗಳವಾರ ಬೆಳಿಗ್ಗೆ ಮೊದಲು ಹೇಳಿದ್ದು ಅದನ್ನೇ. "ಮೇಡಂ, ಅವತ್ತು ಇಲ್ಲ ಅಂದೆ. ಮೂರು ಸಲ ಹೋಗಿದೆ." ಡಾಕ್ಟರಮ್ಮ ಬೈಯಲಿಲ್ಲ. ಬರೆದುಕೊಂಡರು. ಸಂಶೋಧನೆಗೆ ನೀವೂ ಸೇರುತ್ತೀರಾ ಎಂದು ಕೇಳಿದರು. ಬೇರೆಯವರಿಗೆ ಓದಿ ಹೇಳುತ್ತಿದ್ದ ಒಪ್ಪಿಗೆಯ ಹಾಳೆಯನ್ನು ಅವಳು ಮೊದಲ ಸಲ ತನಗಾಗಿ ಓದಿದಳು. ಮೂರು ಪುಟ. ಇಷ್ಟು ಉದ್ದ ಇದೆ ಅಂತ ಗೊತ್ತೇ ಇರಲಿಲ್ಲ ಅನ್ನಿಸಿತು. ನೂರ ಹದಿಮೂರನೆಯ ನಳಿಕೆ ಅವಳದು. ರಕ್ತ ತೆಗೆದದ್ದು ಚಷ್ಮಾ. ಅವನಿಗೆ ಚುಚ್ಚುವ ಅಭ್ಯಾಸ ತಪ್ಪಿತ್ತು.

"ಎಡಗೈ ಬಿಡು, ಬಲಗೈ ನೋಡು. ಪಟ್ಟಿ ಇನ್ನೂ ಮೇಲೆ ಕಟ್ಟು. ನೇರ ಚುಚ್ಚಬೇಡ, ಓರೆ ಹಿಡಿ."

"ಅಕ್ಕಾ, ಒಂದೋ ನೀವು ರೋಗಿ ಆಗಿ, ಇಲ್ಲಾ ಮೇಷ್ಟ್ರಾಗಿ."

ನೋವಾಯಿತು. ಸೊಳ್ಳೆ ಕಚ್ಚಿದ ಹಾಗಂತೂ ಇರಲಿಲ್ಲ.

ಆಮೇಲೆ ಹಸಿರು ಅಂಗಿ, ತಣ್ಣನೆಯ ಮಂಚ, ಎಡಕ್ಕೆ ಹೊರಳಿ ಮೊಣಕಾಲು ಮಡಚಿ ಎಂದ ನರ್ಸಿನ ದನಿ. ನಿದ್ದೆಯ ಔಷಧಿ ಕೈಗೆ ಹೋಗುವಾಗ ಅವಳು ಅಪ್ಪನ ಮುಲಾಮಿನ ಡಬ್ಬಿಯನ್ನು ನೆನೆಸಿಕೊಂಡಳು. ಎಚ್ಚರವಾದಾಗ ಗಂಡ ಪಕ್ಕದಲ್ಲಿ ಕೂತಿದ್ದ. ಅವನ ಮುಖ ನೋಡಿಯೇ ಏನೋ ಇದೆ ಎಂದು ತಿಳಿಯಿತು.

ಎರಡು ಇದ್ದವು. ಒಂದು ಸಾಸಿವೆಗಿಂತ ಸ್ವಲ್ಪ ದೊಡ್ಡದು. ಇನ್ನೊಂದು ದ್ರಾಕ್ಷಿಯಷ್ಟು, ತೊಟ್ಟಿನ ಮೇಲೆ ನಿಂತಿತ್ತು. ಎರಡನ್ನೂ ಅಲ್ಲೇ ತೆಗೆದಿದ್ದರು. ಅವುಗಳೊಳಗೆ ಏನಿದೆ ಅಂತ ತಿಳಿಯಲು ಎಂಟು ದಿನ.

ಆ ಎಂಟು ದಿನ ಹೇಗೆ ಕಳೆಯಿತು ಅಂತ ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಅವಳು ಒಂದು ದಿನ ಕೆಂಪು ಮುಚ್ಚಳದ ನಳಿಕೆಯ ಬದಲು ನೇರಳೆ ಮುಚ್ಚಳದ್ದು ಎತ್ತಿಕೊಂಡು, ಚುಚ್ಚುವ ಮೊದಲು ನೋಡಿ ಬೆವತಳು. ಅವನು ಯಾರದೋ ಮನೆಯಲ್ಲಿ ಮೂರು ಕೋಟ್ ಆಗಿದ್ದ ಬಾಗಿಲಿಗೆ ನಾಲ್ಕನೆಯದು ಹೊಡೆದು ಬಂದ. ಫೋನ್ ಬಡಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಯಾರೂ ಎತ್ತುತ್ತಿರಲಿಲ್ಲ.

ಒಂಬತ್ತನೆಯ ದಿನ ಡಾಕ್ಟರಮ್ಮ ತಾವೇ ಅವಳ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಬಾಗಿಲು ಹಾಕಿದ್ದು ನೋಡಿ ಅವಳು ಕೈಯಲ್ಲಿದ್ದ ನಳಿಕೆ ಕೆಳಗಿಟ್ಟಳು.

"ಕ್ಯಾನ್ಸರ್ ಅಲ್ಲ," ಎಂದರು ಅವರು ಮೊದಲೇ. "ಆದರೆ ದೊಡ್ಡದು ಆ ದಾರೀಲೇ ಇತ್ತು. ಪೂರ್ತಿ ತೆಗೆದಾಗಿದೆ. ಮೂರು ವರ್ಷಕ್ಕೆ ಮತ್ತೆ ನೋಡೋಣ."

ಅವಳು ತಲೆಯಾಡಿಸಿದಳು. ಆದರೆ ಕೇಳಿದ್ದು ಬೇರೆಯೇ. "ಮೇಡಂ, ನನ್ನ ನಂಬರ್ ಸರಿಯಾಗೇ ಇತ್ತಲ್ಲ. ಒಂಬತ್ತೂವರೆ. ಆದ್ರೂ ಗಂಟು ಇತ್ತು. ಹಾಗಾದ್ರೆ ನಿಮ್ಮ ಪರೀಕ್ಷೆ ಸುಳ್ಳಾ?"

"ಸುಳ್ಳಲ್ಲ. ಇನ್ನೂ ನಿಜ ಆಗಿಲ್ಲ, ಅಷ್ಟೇ. ನೂರಾರು ಜನದ್ದು ಒಟ್ಟು ಹಾಕಿದ್ಮೇಲೆ ಏನಾದ್ರೂ ಕಾಣಬಹುದು, ಕಾಣದೇನೂ ಇರಬಹುದು. ನೀವು ನಂಬರ್ ನಂಬಿ ಮನೇಲಿ ಕೂತಿದ್ರೆ..." ಅವರು ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಕೇಳಿದರು, "ನಿಮಗೆ ಒಡಹುಟ್ಟಿದವರು ಇದಾರಾ?"

ಇದ್ದಾನೆ. ಒಬ್ಬ ಅಣ್ಣ. ಕ್ಷೌರದ ಅಂಗಡಿ ಇಟ್ಟಿದ್ದಾನೆ. ಅವನಿಗೆ ಐವತ್ತನಾಲ್ಕು. ಅಪ್ಪ ಹೋದ ವಯಸ್ಸಿಗೆ ಇನ್ನೊಂದು ವರ್ಷ.

ಅವಳು ಅದೇ ಸಂಜೆ ಹೋದಳು. ಅಣ್ಣ ಒಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. ಗಿರಾಕಿಯ ಮುಂದೆಯೇ ಎಲ್ಲ ಹೇಳಿದಳು. ಅವನು ಕನ್ನಡಿಯಲ್ಲೇ ಅವಳನ್ನು ನೋಡಿದ.

"ನನ್ನ ಹೊಟ್ಟೆಗೆ ಏನೂ ಆಗಿಲ್ಲ. ನಿನ್ನ ಸೂಜಿ ನೀನೇ ಇಟ್ಕೋ."

"ಸೂಜಿ ಅಲ್ಲಣ್ಣ, ಕೊಳವೆ."

"ಅಯ್ಯೋ, ಅದು ಇನ್ನೂ ಕೆಟ್ಟದು!"

ಗಿರಾಕಿ ನಕ್ಕ. ಅಣ್ಣ ನಗಲಿಲ್ಲ. ಕತ್ತಿ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು.

"ಅಪ್ಪನೂ ಹಿಂಗೇ ಜೋಕ್ ಮಾಡ್ತಿದ್ದ ಅಣ್ಣ," ಎಂದಳು ಅವಳು.

ದಿನ ಗೊತ್ತು ಮಾಡಿಸಿದಳು. ಮೊದಲ ಸಲ ಅಂಗಡಿಯಲ್ಲಿ ಜನ ಜಾಸ್ತಿ ಎಂದು ಅವನು ಹೋಗಲಿಲ್ಲ. ಎರಡನೆಯ ಸಲ ಪುಡಿ ಕಲಸಿ, ಒಂದು ಲೋಟ ಕುಡಿದು, ಉಳಿದದ್ದು ಚೆಲ್ಲಿದ. ಈಗ ಮೂರನೆಯ ಸಲ ಶುಕ್ರವಾರಕ್ಕೆ ಬರೆಸಿದ್ದಾಳೆ. ಗುರುವಾರ ಮಧ್ಯಾಹ್ನದಿಂದಲೇ ಅವನ ಮನೆಯಲ್ಲಿ ಹೋಗಿ ಕೂರುತ್ತಾಳಂತೆ, ಜಗ್ಗು ತಾನೇ ಹಿಡಿದುಕೊಂಡು. ಅವನು ಬಾಗಿಲು ಹಾಕಿಕೊಂಡರೆ ಏನು ಮಾಡುವುದು ಎಂಬುದೊಂದೇ ಅವಳ ಚಿಂತೆ. ಅದನ್ನೇ ಗಂಡನ ಹತ್ತಿರ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ.

ಬೆಳಿಗ್ಗೆ ಏಳರಿಂದ ಅವಳು ತನ್ನ ಕಿಟಕಿಯ ಹತ್ತಿರ ಇರುತ್ತಾಳೆ. ಹೋಗಿ ನೋಡಿ. ಸೊಳ್ಳೆಯಕ್ಕ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಿಮ್ಮ ಅಪ್ಪನಿಗೋ ಅಮ್ಮನಿಗೋ ಹೀಗೇನಾದರೂ ಇದ್ದರೆ ಅವಳ ಹತ್ತಿರ ಹೇಳಿ, ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅವಳಿಗೆ ಗೊತ್ತಾಗುತ್ತದೆ. ಹಾಗೆಯೇ ತಲೆಗೂದಲು ಬೆಳೆದಿದ್ದರೆ ಅವಳ ಅಣ್ಣನ ಅಂಗಡಿಗೂ ಒಮ್ಮೆ ಹೋಗಿ ಬನ್ನಿ. ಕುರ್ಚಿಯಲ್ಲಿ ಕೂತ ಮೇಲೆ ಕೇಳಿ, ಶುಕ್ರವಾರ ಹೋಗುತ್ತೀರಿ ತಾನೇ ಎಂದು.